ಠಾಣೆಗೆ ಹೋದ ರಾಗಿಕಲ್ಲುಗಳು

ಕೊತ್ತಗುಟ್ಟೆಯ ಕದಿರಮ್ಮನ ಮನೆಗೆ ಪೊಲೀಸರು ಬಂದದ್ದು ಒಲೆಯ ಮೇಲೆ ಮುದ್ದೆಯ ಎಸರು ಕುದಿಯುತ್ತಿದ್ದ ಹೊತ್ತಿಗೆ. ಐವತ್ತೊಂಬತ್ತನೇ ಇಸವಿ, ಸಂಕ್ರಾಂತಿ ಕಳೆದು ಇನ್ನೂ ಹತ್ತು ದಿನವಾಗಿರಲಿಲ್ಲ, ಗುರುವಾರ. ಗಂಡ ದೊಡ್ಡವೆಂಕಟಪ್ಪ ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿ, ಮಾರಿಕುಪ್ಪಂ ಕಡೆಯಿಂದ ಬರುವ ರೈಲಿನಲ್ಲಿ ಬಂದು, ಕಾಲು ತೊಳೆದು ಗೋಡೆಗೊರಗಿ ತೂಕಡಿಸುತ್ತಿದ್ದ. ಬಂದವರು ಐದು ಜನ. ಬಾಗಿಲಲ್ಲಿ ನಿಂತು ಕೂಗುವ ಪದ್ಧತಿಯನ್ನು ಅವರಿಗೆ ಯಾರೂ ಕಲಿಸಿದಂತಿರಲಿಲ್ಲ. ಬೂಟುಗಾಲಲ್ಲೇ ಒಳಗೆ ಬಂದರು, ರಾಗಿ ತುಂಬಿದ್ದ ಗುಡಾಣವನ್ನು ಬಗ್ಗಿಸಿ ನೆಲಕ್ಕೆ ಸುರಿದರು, ದೇವರ ಗೂಡಿನಲ್ಲಿ ಕೈಯಾಡಿಸಿದರು, ಒಲೆಯ ಬೂದಿಯನ್ನೂ ಕೆದಕಿದರು. ಗಣಿಯಲ್ಲಿ ಮೈಲಿಗಟ್ಟಲೆ ಆಳಕ್ಕೆ ಇಳಿದು ಬಂಗಾರ ಅಗೆಯುವವರ ಮನೆಯಲ್ಲಿ ಗುಲಗಂಜಿಯಷ್ಟೂ ಬಂಗಾರ ಇರುವುದಿಲ್ಲವೆಂಬುದು ಆ ಸೀಮೆಯ ಕೂಸಿಗೂ ಗೊತ್ತು. ಪೊಲೀಸರಿಗೆ ಗೊತ್ತಿರಲಿಲ್ಲ.

ಕೊನೆಗೆ ಅವರ ಕಣ್ಣು ಮೂಲೆಯ ರಾಗಿಕಲ್ಲಿನ ಮೇಲೆ ಬಿತ್ತು. ಅಡಿಗಲ್ಲು ನೆಲದಲ್ಲಿ ಹೂತಿತ್ತು. ಮೇಲ್ಗಲ್ಲನ್ನು ಇಬ್ಬರು ಸೇರಿ ಎತ್ತಿ ಮಗುಚಿದರು. ಅದರ ಹೊಟ್ಟೆಯಲ್ಲಿದ್ದ ಸಣ್ಣ ಸಣ್ಣ ಗುಳಿಗಳಲ್ಲೆಲ್ಲ ಬಿಳಿಯ ಪುಡಿ ಕೂತು ಮಿರುಗುತ್ತಿತ್ತು. ಇನ್ಸ್‌ಪೆಕ್ಟರು ಅದನ್ನು ಬೆರಳಲ್ಲಿ ಒರೆಸಿ, ಬಾಗಿಲ ಬೆಳಕಿಗೆ ಹಿಡಿದು, ನಿಧಿ ಸಿಕ್ಕವನ ಹಾಗೆ ನಕ್ಕ. ಬೆಣಚುಕಲ್ಲಿನ ಪುಡಿ. ಆ ನೆಲದಲ್ಲಿ ಬಂಗಾರ ಇರುವುದೇ ಬೆಣಚುಕಲ್ಲಿನ ಒಳಗೆ. ಗಣಿಯಿಂದ ಬೆಣಚುಕಲ್ಲಿನ ಚೂರು ಕದ್ದು ತಂದು, ಮನೆಯಲ್ಲಿ ಬೀಸಿ, ತೊಳೆದು ಬಂಗಾರ ತೆಗೆಯುವವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದದ್ದೂ ಸುಳ್ಳಲ್ಲ. ಆ ತಿಂಗಳು ಗಣಿಯಲ್ಲಿ ಒಂದಷ್ಟು ಮಾಲು ಕಾಣೆಯಾಗಿತ್ತು, ಮೇಲಿನವರು ಇನ್ಸ್‌ಪೆಕ್ಟರನ ಬೆನ್ನು ಹತ್ತಿದ್ದರು, ಅವನಿಗೆ ಯಾರಾದರೊಬ್ಬ ಕಳ್ಳ ಬೇಕಾಗಿತ್ತು.

ಮೊನ್ನೆಯಷ್ಟೇ ಕಲ್ಲು ಕುಟ್ಟಿಸಿದ್ದು ಸ್ವಾಮಿ, ಅದು ಆ ಪುಡಿ, ಎಂದು ಕದಿರಮ್ಮ ನಾಲ್ಕು ಸಲ ಹೇಳಿದಳು. ಬೀಸಿ ಬೀಸಿ ನುಣುಪಾದ ರಾಗಿಕಲ್ಲನ್ನು ವರ್ಷಕ್ಕೊಮ್ಮೆ ಉಳಿಯಿಂದ ಕುಟ್ಟಿ ಒರಟು ಮಾಡಿಸದಿದ್ದರೆ ಹಿಟ್ಟು ಇಳಿಯುವುದಿಲ್ಲ. ಆ ಕೆಲಸದ ಸೊಣ್ಣಪ್ಪ ಪ್ರತಿ ವರ್ಷ ಸಂಕ್ರಾಂತಿ ಆದಮೇಲೆ ಉಳಿ ಸುತ್ತಿಗೆ ಹಿಡಿದು ಬಂದು ಇಡೀ ಊರಿನ ಕಲ್ಲು ಕುಟ್ಟಿ ಹೋಗುತ್ತಿದ್ದ. ಕುಟ್ಟಿಸಿದ ಕಲ್ಲಿನಲ್ಲಿ ಮೊದಲೆರಡು ದಿನ ಹೆಂಗಸರು ಬರೀ ಹೊಟ್ಟು ಬೀಸಿ ಚೆಲ್ಲುತ್ತಾರೆ, ಇಲ್ಲದಿದ್ದರೆ ಮುದ್ದೆಯಲ್ಲಿ ಕಲ್ಲು ಕಚ್ಚುತ್ತದೆ. ಕದಿರಮ್ಮ ಇನ್ನೂ ಹೊಟ್ಟು ಬೀಸಿರಲಿಲ್ಲ. ಇದನ್ನೆಲ್ಲ ಕೇಳುವ ವ್ಯವಧಾನ ಯಾರಿಗಿತ್ತು? ಮೇಲ್ಗಲ್ಲನ್ನೂ ದೊಡ್ಡವೆಂಕಟಪ್ಪನನ್ನೂ ಒಂದೇ ಜೀಪಿಗೆ ಹಾಕಿಕೊಂಡು ಹೊರಟೇಬಿಟ್ಟರು. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರಲ್ಲ, ಇವರು ಇಲಿಯನ್ನೂ ಹಿಡಿಯದೆ ಬಿಲದ ಬಾಯಿಯ ಕಲ್ಲು ಹೊತ್ತುಕೊಂಡು ಹೋದರು.

ಮರುದಿನ ಬೆಳಗ್ಗೆ ಒಬ್ಬ ಹೆಡ್ ಕಾನ್ಸ್‌ಟೇಬಲ್ ಒಂದು ಕಾಗದ, ಒಂದು ಮಸಿಡಬ್ಬಿ ಹಿಡಿದು ಬಂದ. ಅವನು ಒಳ್ಳೆಯ ಮಾತಿನವನು. ಜಗಲಿಯ ಮೇಲೆ ಕೂತು, ನೀರು ಕೇಳಿ ಕುಡಿದು, ಕಾಗದ ಓದಿ ಹೇಳಿದ. ಪೊಲೀಸರು ನನ್ನ ಒಪ್ಪಿಗೆಯಿಂದ ನನ್ನ ಮನೆಯನ್ನು ಶೋಧಿಸಿದರು, ನಮ್ಮ ರಾಗಿಕಲ್ಲಿನಲ್ಲಿ ಅದಿರಿನ ಪುಡಿ ಸಿಕ್ಕಿತು, ಅದನ್ನು ನಾನೇ ನನ್ನ ಕೈಯಾರೆ ಒಪ್ಪಿಸಿದೆ ಎಂದು ಅದರಲ್ಲಿ ಬರೆದಿತ್ತು. ಇದಕ್ಕೊಂದು ಹೆಬ್ಬೆಟ್ಟು ಒತ್ತಿದರೆ ಸಣ್ಣ ಕೇಸು ಮಾಡಿ ಗಂಡನನ್ನು ನಾಳೆಯೇ ಬಿಡುತ್ತಾರಂತೆ. ಬೀದಿಯಲ್ಲಿ ಅವರು ಅದಕ್ಕೂ ಮೊದಲು ನುಗ್ಗಿದ್ದ, ರಾಗಿಕಲ್ಲು ಮಗುಚಿ ನೋಡದೆ ಬಿಟ್ಟಿದ್ದ ಇನ್ನೈದು ಮನೆಯವರು ಏನೂ ಸಿಗದಿದ್ದರೂ ಒಪ್ಪಿಗೆಯ ಕಾಗದಕ್ಕೆ ಆಗಲೇ ಒತ್ತಿ ಕೈ ತೊಳೆದುಕೊಂಡಿದ್ದರು.

"ಬಾಗ್ಲು ತಳ್ಕೊಂಡ್ ಬಂದೋರು ನೀವು," ಅಂದಳು ಕದಿರಮ್ಮ. "ನಾನೇ ಕರ್ದೆ ಅಂತ ನಾನ್ಯಾಕೆ ಒತ್ಲಿ? ನೀರ್ ಕುಡುದ್ರಲ್ಲ, ಓಗ್ರಿ."

ಈ ಹೆಬ್ಬೆಟ್ಟಿನ ಹಟ ಅವಳಿಗೆ ರಕ್ತದಲ್ಲಿ ಬಂದದ್ದು. ಮೂವತ್ತನೇ ಇಸವಿಯಲ್ಲಿ ಗಣಿಯ ಕೂಲಿಗಳೆಲ್ಲ ನಾವು ಬೆರಳಚ್ಚು ಕೊಡುವುದಿಲ್ಲ, ನಾವೇನು ಕಳ್ಳರೇ ಎಂದು ಕೆಲಸ ಬಿಟ್ಟು ಕೂತಾಗ ಅವಳ ಅಪ್ಪನೂ ಕೂತಿದ್ದ. ಕದಿರಮ್ಮ ಆಗ ಹತ್ತು ವರ್ಷದ ಹುಡುಗಿ. ಮನೆಯಲ್ಲಿ ಹುರುಳಿ ಬೇಯಿಸಿ ತಿಂದು ದಿನ ದೂಡಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಆ ಹುರುಳಿಯನ್ನು ಅವಳಪ್ಪ ಹಬ್ಬದೂಟದ ಹಾಗೆ ಉಂಡಿದ್ದ.

ಹಟವೇನೋ ಸರಿ, ಗಂಡ ಬರಬೇಕಲ್ಲ. ಪಕ್ಕದ ಮನೆಯ ಪಾಪಕ್ಕ ಅವಳಿಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ಅದಕ್ಕಿಂತ ದೊಡ್ಡದು. ಬಂಗಾರಪೇಟೆಯಲ್ಲಿ ಅದೇನೋ ಸಂಘ ಇದೆಯಂತೆ, ಪೊಲೀಸರನ್ನು ಬರೆದು ಬರೆದೇ ಸಾಯಿಸುತ್ತಾರಂತೆ, ಹೋಗಿ ಕೇಳು ಎಂದು ಅವಳೇ ಕಳಿಸಿಕೊಟ್ಟಳು.

ಸಂಘವೆಂದರೆ ಕದಿರಮ್ಮ ದೊಡ್ಡ ಕಟ್ಟಡವನ್ನು ನೆನೆಸಿಕೊಂಡಿದ್ದಳು. ನೋಡಿದರೆ ಬಜಾರಿನ ಒಂದು ದರ್ಜಿ ಅಂಗಡಿ. ಹೊಲಿಗೆ ಮಿಷನ್ನಿನ ಹಿಂದೆ ಒಂದು ಬೆಂಚು, ಒಂದು ಕಬ್ಬಿಣದ ಪೆಟ್ಟಿಗೆ, ಗೋಡೆಯ ಮೇಲೆ 'ನಾಗರಿಕ ಸ್ವಾತಂತ್ರ್ಯ ರಕ್ಷಣಾ ಸಂಘ' ಎಂದು ಬರೆದ ಹಲಗೆ. ದರ್ಜಿ ಕೋದಂಡಪ್ಪನೇ ಕಾರ್ಯದರ್ಶಿ. ಐದು ವರ್ಷದ ಹಿಂದೆ ಅವನ ತಮ್ಮನನ್ನು ತಪ್ಪು ಹೆಸರಿನ ಮೇಲೆ ಹಿಡಿದು ಲಾಕಪ್ಪಿನಲ್ಲಿ ಹಲ್ಲು ಉದುರಿಸಿ, ಆಮೇಲೆ ನೀನಲ್ಲ ಹೋಗಯ್ಯಾ ಎಂದು ಬಿಟ್ಟಿದ್ದರು. ಅಂದಿನಿಂದ ಕೋದಂಡಪ್ಪ ಹಗಲೆಲ್ಲ ಬಟ್ಟೆ ಹೊಲಿದು, ಸಂಜೆ ಅರ್ಜಿ ಹೊಲಿಯುತ್ತಿದ್ದ. ವಾರಂಟಿಲ್ಲದೆ ಯಾರ ಮನೆ ನುಗ್ಗಿದರು, ಯಾರನ್ನು ಕಾರಣ ಹೇಳದೆ ಎಳೆದೊಯ್ದರು, ಯಾವ ಊರಲ್ಲಿ ಸಭೆ ಸೇರಬಾರದೆಂದು ಡಂಗುರ ಹೊಡೆಸಿದರು, ಎಲ್ಲದಕ್ಕೂ ಮೂರು ಮೂರು ಪ್ರತಿ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸುವುದು ಅವನ ಕೆಲಸ. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ಬಜಾರಿನವರು ಸಂಘವನ್ನು ಗೇಲಿ ಮಾಡುತ್ತಿದ್ದರು. ಗೇಲಿ ಮಾಡಿದವರೇ ಮನೆಯಲ್ಲಿ ಯಾರನ್ನಾದರೂ ಪೊಲೀಸರು ಹಿಡಿದಾಗ ಸದ್ದಿಲ್ಲದೆ ಹಿಂಬಾಗಿಲಿಂದ ಬರುತ್ತಿದ್ದರು.

ಸಂಘದ ವಕೀಲ ಅಶ್ವತ್ಥಪ್ಪ ಬೂದಿಕೋಟೆಯ ಕಡೆಯ ರೈತರ ಮಗ. ಕರಿಕೋಟು ಸವೆದು ಬೂದಿ ಬಣ್ಣಕ್ಕೆ ತಿರುಗಿತ್ತು. ಅವನು ಕದಿರಮ್ಮನ ಮಾತನ್ನು ಪೂರ್ತಿ ಕೇಳಿ, ಕಬ್ಬಿಣದ ಪೆಟ್ಟಿಗೆಯಿಂದ ದಪ್ಪನೆಯ ಪುಸ್ತಕ ತೆಗೆದು ವಿವರಿಸಿದ. ಈಗ ನಮಗೆ ನಮ್ಮದೇ ಸಂವಿಧಾನ ಇದೆ. ಯಾರನ್ನೇ ಹಿಡಿದರೂ ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮನೆ ಶೋಧಿಸಲು ವಾರಂಟು ಬೇಕು, ಇಲ್ಲವೆಂದರೆ ಯಾಕಿಲ್ಲ ಎಂದು ಮೊದಲೇ ಬರೆದಿಡಬೇಕು. ಊರಿನ ಇಬ್ಬರು ಸಾಕ್ಷಿಗಳನ್ನು ಕರೆದು, ಸಿಕ್ಕ ವಸ್ತುವನ್ನು ಅವರ ಮುಂದೆ ಗುರುತು ಹಾಕಿ, ಮಹಜರು ಬರೆಯಬೇಕು. ಇವರು ಒಂದನ್ನೂ ಮಾಡಿಲ್ಲ. ಆ ಎಲ್ಲ ತೂತುಗಳಿಗೆ ತೇಪೆ ಹಾಕುವುದಕ್ಕೇ ಅವರಿಗೆ ನಿನ್ನ ಹೆಬ್ಬೆಟ್ಟು ಬೇಕಾಗಿದೆ. ಆದರೆ ಅದಿರಿನ ಕಾನೂನು ತಲೆಕೆಳಗಾದ ಕಾನೂನು, ಮಾಲು ಸಿಕ್ಕಿತೆಂದರೆ ಕದ್ದಿಲ್ಲವೆಂದು ತೋರಿಸಬೇಕಾದವನು ಸಿಕ್ಕಿಬಿದ್ದವನೇ.

ಕೋದಂಡಪ್ಪ ಅಷ್ಟರಲ್ಲಿ ಕುದಿಯುತ್ತಿದ್ದ. ಒತ್ತಬೇಡ ತಾಯಿ, ಇಡೀ ಸೀಮೆಗೆ ಬುದ್ಧಿ ಬರಲಿ, ನೀನು ಗಟ್ಟಿಯಾಗಿ ನಿಂತರೆ ಈ ಸಲ ನಾವು ಗೆದ್ದೇ ಗೆಲ್ಲುತ್ತೇವೆ ಎಂದು ಕತ್ತರಿ ಆಡಿಸುತ್ತ ಹೇಳಿದ. ಅಶ್ವತ್ಥಪ್ಪ ಅವನನ್ನು ಅಲ್ಲೇ ತಡೆದ. ಲಾಕಪ್ಪಿನಲ್ಲಿ ಇರುವುದು ಅವಳ ಗಂಡ, ನಿನ್ನ ಗಂಡಸ್ತನವಲ್ಲ. ಇನ್ನೊಬ್ಬರ ಬೆನ್ನ ಮೇಲೆ ನಿಂತು ಗೆಲ್ಲುವುದಕ್ಕೆ ಸಂಘ ಕಟ್ಟಿದ್ದಲ್ಲ ಎಂದು ಗದರಿಸಿ, ಕದಿರಮ್ಮನ ಕಡೆ ತಿರುಗಿದ.

"ಒತ್ತಿದ್ರೆ ನಾಳೆ ನಿನ್ ಗಂಡ ಮನೇಲಿರ್ತಾನೆ, ಹೆಸರಿನ ಮೇಲೆ ಕಳ್ಳ ಅಂತ ಬರೆದಿರ್ತಾರೆ. ಒತ್ತದಿದ್ರೆ ಬೆಂಗಳೂರಿನ ಹೈಕೋರ್ಟಿಗೆ ಅರ್ಜಿ ಹಾಕ್ತೀನಿ, ಯಾವತ್ತು ಬರ್ತಾನೋ ಹೇಳಲಾರೆ. ಎರಡೂ ನಿಜ ಕದಿರಮ್ಮ. ತೀರ್ಮಾನ ನಿಂದು."

ಸಿಹಿ ಮಾತಾಡದ ಆ ವಕೀಲನ ಮೇಲೆ ಅವಳಿಗೆ ಅಲ್ಲೇ ನಂಬಿಕೆ ಹುಟ್ಟಿತು. ಅರ್ಜಿ ಬರೀರಿ ಅಂದಳು. ಅವನು ಬರೆದ, ಇನ್ಸ್‌ಪೆಕ್ಟರನ ಮೇಲಿನವರಿಗೆ ಒಂದು ತಂತಿಯನ್ನೂ ಕೊಟ್ಟ. ಎದ್ದು ಹೊರಡುವಾಗ ಕೋದಂಡಪ್ಪ, ಅವರು ಏನು ತೆಗೆದುಕೊಂಡರೂ ರಸೀತಿ ಕೇಳಬೇಕಮ್ಮಾ, ಸರ್ಕಾರಕ್ಕೆ ಬೈಗುಳ ತಾಗುವುದಿಲ್ಲ, ಕಾಗದ ತಾಗುತ್ತದೆ ಎಂದು ಬುದ್ಧಿ ಹೇಳಿ ಕಳಿಸಿದ.

ಶನಿವಾರ ಅವಳು ಗಣಿಪೇಟೆಯ ಠಾಣೆಗೆ ಹೋದಳು. ಲಾಕಪ್ಪಿನ ಸರಳಿನ ಹಿಂದೆ ದೊಡ್ಡವೆಂಕಟಪ್ಪ ಎರಡೇ ದಿನಕ್ಕೆ ಎರಡು ವರ್ಷ ಮುದುಕನಾಗಿದ್ದ. ಮುಖ ಊದಿತ್ತು, ಗಣಿಯ ದೂಳು ಕುಡಿದ ಎದೆ ತಿದಿಯ ಹಾಗೆ ಸದ್ದು ಮಾಡುತ್ತಿತ್ತು. ಹೊಡೆದರೇ ಎಂದರೆ ಊದಿದ ಕೆನ್ನೆಯನ್ನು ಆಚೆಗೆ ತಿರುಗಿಸಿದ. ಅವನು ಕೇಳಿದ್ದು ಒಂದೇ ಮಾತು.

"ಒತ್ಬುಡು ಕಣೇ. ಒಂದ್ ಎಬ್ಬೆಟ್ಟು ತಾನೆ. ಮನ್ಗೆ ಬತ್ತೀನಿ."

"ಕಳ್ಳ ಅನ್ನಿಸ್ಕೊಂಡ್ ಬತ್ತೀಯಾ?"

"ಎಂಗೋ ಒಂದು. ಬತ್ತೀನಿ."

ಕದಿರಮ್ಮನಿಗೆ ಆ ಗಳಿಗೆಯಲ್ಲಿ ಇನ್ಸ್‌ಪೆಕ್ಟರನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಗಂಡನ ಮೇಲೆ ಬಂತು. ಅಷ್ಟೇ ಮರುಕವೂ ಬಂತು. ತಂದಿದ್ದ ಮುದ್ದೆ ಸಾರನ್ನು ಸರಳಿನ ಸಂದಿಯಿಂದ ಕೊಟ್ಟು, ಒತ್ತುತ್ತೇನೆಂದೂ ಹೇಳದೆ ಒತ್ತುವುದಿಲ್ಲವೆಂದೂ ಹೇಳದೆ ಬಂದುಬಿಟ್ಟಳು. ಅದು ಪಾಪಕ್ಕನ ಕಲ್ಲಿನಲ್ಲಿ ಬೀಸಿದ ಹಿಟ್ಟಿನ ಮುದ್ದೆ. ರೈಲಿನಲ್ಲಿ ಕಿಟಕಿಯ ಪಕ್ಕ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಊರು ಬರುವವರೆಗೂ ಅತ್ತಳು. ಒತ್ತಿಬಿಡೋಣ, ಮೊದಲು ಮನುಷ್ಯ ಉಳಿಯಲಿ ಎಂದು ಒಂದು ಸಲ ಗಟ್ಟಿ ಮನಸ್ಸೂ ಮಾಡಿದಳು.

ಊರಿಗೆ ಬಂದರೆ ಹೆಡ್ ಕಾನ್ಸ್‌ಟೇಬಲ್ ಜಗಲಿಯ ಮೇಲೆ ಮಸಿಡಬ್ಬಿ ಬಿಚ್ಚಿಟ್ಟುಕೊಂಡೇ ಕೂತಿದ್ದ. ಠಾಣೆಯಲ್ಲಿ ಗಂಡನನ್ನು ನೋಡಿ ಬಂದ ಹೆಂಡತಿ ಮೆತ್ತಗಾಗಿರುತ್ತಾಳೆ ಎಂಬುದು ಅವನ ಲೆಕ್ಕ. ತನ್ನ ಅಳುವನ್ನು ಯಾರೋ ಮೊದಲೇ ಅಳೆದಿಟ್ಟುಕೊಂಡು ಕಾಯುತ್ತಿದ್ದಾರೆಂದು ಕದಿರಮ್ಮನಿಗೆ ಹೊಳೆದದ್ದೇ ತಡ, ಕಣ್ಣೀರು ಅಲ್ಲೇ ಇಂಗಿಹೋಯಿತು. ಅವನ ಕಡೆ ತಿರುಗಿಯೂ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಕತ್ತಲಾಗುವವರೆಗೂ ಕೂತು ಎದ್ದುಹೋದ.

ಭಾನುವಾರ ಅಶ್ವತ್ಥಪ್ಪನೂ ಕೋದಂಡಪ್ಪನೂ ಊರಿಗೇ ಬಂದರು. ಪೊಲೀಸರು ಪುಡಿಯನ್ನು ಗಣಿಯ ಕಡೆಯವರೊಬ್ಬರಿಗೆ ತೋರಿಸಿ ಬೆಣಚುಕಲ್ಲೇ ಎಂದು ಬರೆಸಿಕೊಂಡಿದ್ದಾರಂತೆ ಎಂಬ ಸುದ್ದಿಯೊಂದಿಗೆ ಬಂದಿದ್ದರು. ಕಲ್ಲು ಕುಟ್ಟಿದ ಸೊಣ್ಣಪ್ಪ ಸಾಕ್ಷಿ ಹೇಳಿದರೆ ಅನುಕೂಲ ಎಂದ ಅಶ್ವತ್ಥಪ್ಪ. ಸೊಣ್ಣಪ್ಪ ಬೇತಮಂಗಲದ ಕಡೆ ಹೋಗಿ, ಪೊಲೀಸರ ವಿಷಯ ಕಿವಿಗೆ ಬಿದ್ದೊಡನೆ ಉಳಿ ಸುತ್ತಿಗೆ ಸಮೇತ ಮಾಯವಾಗಿದ್ದ. ಬೀದಿಯ ಹೆಂಗಸರೆಲ್ಲ ಜಗಲಿಯ ಸುತ್ತ ಸೇರಿದ್ದರು. ಒಬ್ಬ ಸೊಣ್ಣಪ್ಪ ಸಿಗದಿದ್ದರೇನು, ಎರಡು ದಿನ ಹೊಟ್ಟು ಬೀಸಿದರೂ ನಮ್ಮ ಮನೆಯ ಕಲ್ಲಿನ ಗುಳಿಗಳಲ್ಲಿ ಇನ್ನೂ ಅದೇ ಪುಡಿ ಕೂತಿದೆ ಎಂದಳು ಪಾಪಕ್ಕ. ನಮ್ಮನೆಯದರಲ್ಲೂ ಇದೆ, ನಮ್ಮನೆಯದರಲ್ಲೂ ಇದೆ ಎಂದು ಒಬ್ಬೊಬ್ಬರೇ ದನಿಗೂಡಿಸಿದರು. ಕಲ್ಲುಗಳೆಲ್ಲ ಹುಟ್ಟಿದ್ದು ಊರ ಬೆನ್ನಿಗಿರುವ ಗುಟ್ಟೆಯಲ್ಲಿ, ಆ ಗುಡ್ಡದ ತುಂಬ ಬೆಣಚು. ಕುಟ್ಟಿದರೆ ಬೀಳುವುದು ಇನ್ನೇನು?

ಕದಿರಮ್ಮ ಎದ್ದು ನಿಂತಳು.

"ಅವ್ರಿಗೆ ಕಲ್ಲು ಬೇಕಂತೆ. ಎಲ್ರೂ ತಗೊಂಡೋಗಿ ಕೊಟ್ಬುಡಾನ. ಕಳ್ಳರಾದ್ರೆ ಊರೆಲ್ಲಾ ಕಳ್ಳರು."

ರಾಗಿಕಲ್ಲು ಹೊಸ್ತಿಲು ದಾಟುವುದೆಂದರೆ ಮನೆಗೆ ಸಾವು ಬಂದಷ್ಟೇ ಅಶುಭವೆಂದು ನಂಬಿದ್ದ ಹೆಂಗಸರು ಅವರು. ಕಲ್ಲು ಠಾಣೆಯಲ್ಲೇ ಉಳಿದುಬಿಟ್ಟರೆ ಮುದ್ದೆಗೆ ಏನು ಗತಿ ಎಂದು ಒಬ್ಬಳು ಕೇಳಿದಳು. ಹುರುಳಿ ಬೇಯಿಸಿ ತಿನ್ನೋಣ, ಹಿಂದೆ ತಿಂದಿಲ್ಲವೇ ಎಂದಳು ಕದಿರಮ್ಮ. ಗಂಡಸರಿಗೆ ಏನು ಹೇಳೋಣ ಎಂದು ಇನ್ನೊಬ್ಬಳು. ಹುರುಳಿ ಅಂತಲೇ ಹೇಳೋಣ ಎಂದು ಪಾಪಕ್ಕ ಅಂದಾಗ ಎಲ್ಲರೂ ನಕ್ಕರು, ನಕ್ಕ ಮೇಲೆ ಹೆದರಿಕೆ ಅರ್ಧ ಇಳಿಯಿತು. ಕೋದಂಡಪ್ಪನಿಗಂತೂ ಬೆಲ್ಲ ಸಿಕ್ಕಂತಾಯಿತು. ಅಲ್ಲೇ ಕೂತು, ಕೊತ್ತಗುಟ್ಟೆಯ ಇಪ್ಪತ್ತೇಳು ಮನೆಯವರು ತಮ್ಮ ಕಲ್ಲುಗಳಲ್ಲೂ ಇದೇ ಪುಡಿ ಇರುವುದರಿಂದ ತಾವಾಗಿಯೇ ತಂದು ಒಪ್ಪಿಸುತ್ತಿದ್ದಾರೆ, ದಯವಿಟ್ಟು ಒಂದೊಂದಕ್ಕೂ ಮಹಜರು ಬರೆದು ರಸೀತಿ ಕೊಡಬೇಕು ಎಂದು ಮೂರು ಪ್ರತಿ ಅರ್ಜಿ ಬರೆದ. ಅಶ್ವತ್ಥಪ್ಪ ಅದನ್ನು ಎರಡು ಸಲ ಓದಿ, ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಒಂದಕ್ಷರವೂ ಇಲ್ಲ, ಅದೇ ಇದರ ಮಜಾ ಎಂದ.

ಸೋಮವಾರ ಬೆಳಗ್ಗೆ ರೈಲು ಹತ್ತಿದ ಆ ಮೆರವಣಿಗೆಯನ್ನು ನೋಡಿದವರು ಇವತ್ತಿಗೂ ಹೇಳುತ್ತಾರೆ. ಇಪ್ಪತ್ತೇಳು ಹೆಂಗಸರು, ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಮೇಲ್ಗಲ್ಲು; ಒಂದೊಂದೂ ಆರು ವರ್ಷದ ಮಗುವಿನ ಭಾರ. ಅವರ ಮುಂದೆ ನಡೆದ ಕದಿರಮ್ಮನ ತಲೆ ಮಾತ್ರ ಬರಿದಾಗಿತ್ತು, ಅವಳ ಕಲ್ಲು ಮೊದಲೇ ಅಲ್ಲಿ ಹೋಗಿ ಕೂತಿತ್ತಲ್ಲ. ಪಾಳಿಗೆ ಹೊರಟ ಗಂಡಸರು ಸರಿದು ಜಾಗ ಬಿಟ್ಟರು. ಇದೇನು, ಎಲ್ಲಿಗೆ ಎಂದು ಕನ್ನಡದಲ್ಲೂ ತಮಿಳಿನಲ್ಲೂ ತೆಲುಗಿನಲ್ಲೂ ಕೇಳಿದರು. ಪಾಪಕ್ಕ ಮೂರು ಭಾಷೆಯಲ್ಲೂ ಒಂದೇ ಉತ್ತರ ಕೊಟ್ಟಳು, ಪೊಲೀಸರ ಮನೆಗೆ ಬೀಗರೂಟಕ್ಕೆ.

ಠಾಣೆಯ ಬಾಗಿಲಲ್ಲಿದ್ದ ಪೇದೆ ಆ ಗುಂಪನ್ನು ನೋಡಿ ಕಕ್ಕಾಬಿಕ್ಕಿಯಾದ. ಒಳಗೆ ಬರಬೇಡಿ, ಭಾರ ಹೊತ್ತು ನಿಲ್ಲಲೂ ಬೇಡಿ, ಮೊದಲು ಅಲ್ಲಿ ಇಳಿಸಿ ಎಂದು ಜಗಲಿಯ ಕೊನೆಯ ಮೂಲೆಯನ್ನು ಕೈಮಾಡಿ ತೋರಿಸಿದ. ಹೆಂಗಸರು ಹೇಳಿದ ಕಡೆ ಇಳಿಸಿದರು. ಒಂದರ ಮೇಲೊಂದು, ಒಂದರ ಪಕ್ಕ ಒಂದು. ಅದೇ ಮೂಲೆಯಲ್ಲಿ ನಾಲ್ಕು ದಿನದಿಂದ ಇನ್ನೊಂದು ಕಲ್ಲು ಬಿದ್ದಿತ್ತು. ಅದಕ್ಕೆ ಚೀಟಿ ಇರಲಿಲ್ಲ, ಅರಗಿನ ಮುದ್ರೆ ಇರಲಿಲ್ಲ, ಸುಣ್ಣದ ಒಂದು ಗೀಟೂ ಇರಲಿಲ್ಲ. ಮಹಜರೇ ಬರೆಯದ ಮೇಲೆ ಗುರುತೆಲ್ಲಿಂದ ಬರಬೇಕು? ಕೊನೆಯ ಕಲ್ಲು ಇಳಿದ ಮೇಲೆ ಮೂಲೆಯಲ್ಲಿ ಇಪ್ಪತ್ತೆಂಟು ಕಲ್ಲುಗಳಿದ್ದವು, ಇಪ್ಪತ್ತೆಂಟರ ಹೊಟ್ಟೆಯಲ್ಲೂ ಬಿಳಿಯ ಪುಡಿ ಮಿರುಗುತ್ತಿತ್ತು.

ಠಾಣೆಯ ರೈಟರ್ ಪೆರುಮಾಳ್ ವಯಸ್ಸಾದ ಮನುಷ್ಯ. ಕೋದಂಡಪ್ಪನ ಅರ್ಜಿಯನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ, ಇಪ್ಪತ್ತೇಳು ಮಹಜರು ಬರೆಯುವಷ್ಟು ಕಾಗದ ಈ ಠಾಣೆಯಲ್ಲಿಲ್ಲ ಎಂದ. ನಾನು ತಂದಿದ್ದೇನೆ ಎಂದು ಕೋದಂಡಪ್ಪ ಒಂದು ಕಟ್ಟು ಕಾಗದವನ್ನು ಮೇಜಿನ ಮೇಲಿಟ್ಟ. ಪೆರುಮಾಳ್ ಮೂಲೆಯ ಕಡೆ ನೋಡಿದ, ಪೇದೆಯ ಕಡೆ ನೋಡಿದ, ಆಗಿರುವುದೇನೆಂದು ಎಲ್ಲರಿಗಿಂತ ಮೊದಲು ಅವನಿಗೆ ಅರ್ಥವಾಯಿತು. ಮುಖ ತಗ್ಗಿಸಿಕೊಂಡು ಪೆನ್ನಿಗೆ ಮಸಿ ತುಂಬತೊಡಗಿದ.

ಇನ್ಸ್‌ಪೆಕ್ಟರು ಬಂದವನೇ ಎಲ್ಲರನ್ನೂ ಒಳಗೆ ಹಾಕುತ್ತೇನೆಂದು ಗುಡುಗಿದ. ಹಾಕಿ ಸ್ವಾಮಿ, ಹಾಕಿದ್ದಕ್ಕೆ ಕಾರಣ ಬರೆದುಕೊಡಿ ಎಂದ ಅಶ್ವತ್ಥಪ್ಪ. ದೊಡ್ಡವೆಂಕಟಪ್ಪನನ್ನು ಹಿಡಿದ ದಿನ, ಗಂಟೆ ನಿಮ್ಮ ಪುಸ್ತಕದಲ್ಲಿ ಎಲ್ಲಿ ಬರೆದಿದ್ದೀರಿ ತೋರಿಸಿ ಎಂದು ಅದೇ ಉಸಿರಿನಲ್ಲಿ ಕೇಳಿದ. ಪುಸ್ತಕದಲ್ಲಿ ಬರೆದಿರಲಿಲ್ಲ. ಹೈಕೋರ್ಟಿನ ಅರ್ಜಿ, ಮೇಲಿನವರಿಗೆ ಕೊಟ್ಟ ತಂತಿ ಎರಡರ ರಸೀತಿಯನ್ನೂ ಅಶ್ವತ್ಥಪ್ಪ ಮೇಜಿನ ಮೇಲೆ ಹರಡಿದ. ಮ್ಯಾಜಿಸ್ಟ್ರೇಟರ ಮುಂದೆ ಏನನ್ನು ಹಾಜರುಪಡಿಸುತ್ತೀರಿ, ಆ ಕಲ್ಲಾದರೂ ಇದೆಯೇ ಎಂದ.

ಆಗ ಇನ್ಸ್‌ಪೆಕ್ಟರ್ ಮೂಲೆಯ ಕಡೆ ತಿರುಗಿ ನೋಡಿದ. ನೋಡುತ್ತಲೇ ನಿಂತ. ನಿನ್ನ ಕಲ್ಲು ಯಾವುದು ಎಂದು ಕದಿರಮ್ಮನನ್ನು ಕೇಳಿದ. ಹೊತ್ತುಕೊಂಡು ಬಂದವರು ನೀವು, ನೀವೇ ಹೇಳಿ ಎಂದಳು ಅವಳು. ತನ್ನ ಕಲ್ಲು ಅವಳಿಗೆ ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗುತ್ತಿತ್ತು, ಇಪ್ಪತ್ತು ವರ್ಷ ಅದರ ಗೂಟ ಹಿಡಿದ ಕೈ ಅದು. ಅವಳ ಕಣ್ಣು ಮಾತ್ರ ಅತ್ತ ಹೊರಳಲಿಲ್ಲ.

ಇನ್ಸ್‌ಪೆಕ್ಟರನಿಗೆ ಒಂದು ಉಪಾಯ ಹೊಳೆಯಿತು. ದೊಡ್ಡವೆಂಕಟಪ್ಪನನ್ನು ಲಾಕಪ್ಪಿನಿಂದ ತರಿಸಿ, ಜಗಲಿಯಲ್ಲಿ ನಿಲ್ಲಿಸಿ, ನಿನ್ನ ಮನೆಯ ಕಲ್ಲನ್ನು ತೋರಿಸು ಎಂದ. ಒತ್ಬುಡು ಎಂದಿದ್ದ ಮನುಷ್ಯ 'ಇದೇ ಸ್ವಾಮಿ' ಎಂದುಬಿಟ್ಟರೆ ಎಲ್ಲ ಮುಗಿಯಿತು. ಅವನು ಕಲ್ಲಿನ ರಾಶಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದ. ನಿಜಕ್ಕೂ ಅವನಿಗೆ ಗೊತ್ತಾಗಲಿಲ್ಲ. ಆ ಸೀಮೆಯಲ್ಲಿ ರಾಗಿಕಲ್ಲಿನ ಮುಂದೆ ಕೂರುವ ಗಂಡಸಿಲ್ಲ. ಅದನ್ನು ಮುಟ್ಟಿದರೆ ಮೀಸೆ ಉದುರುತ್ತದೆಂದು ನಂಬಿದವರು ಅವರು.

"ಗೊತ್ತಿಲ್ಲ ಸ್ವಾಮಿ."

"ಇಪ್ಪತ್ತು ವರ್ಷ ಅದರ ಹಿಟ್ಟು ತಿಂದಿದ್ದೀಯ, ಗೊತ್ತಿಲ್ವಾ?"

"ತಿಂದಿದ್ದೀನಿ ಸ್ವಾಮಿ. ಬೀಸಿಲ್ಲ."

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಪಾಳಿ ಬಿಟ್ಟ ಗಣಿಯ ಜನ ಅಷ್ಟು ಹೊತ್ತಿಗೆ ರಸ್ತೆಯಲ್ಲಿ ಗುಂಪುಗಟ್ಟಿದ್ದರು, ಎರಡು ಆಳು ದಪ್ಪಕ್ಕೆ. ಇನ್ಸ್‌ಪೆಕ್ಟರು ದೊಡ್ಡವೆಂಕಟಪ್ಪನ ಹತ್ತಿರ ಬಂದು ದನಿ ತಗ್ಗಿಸಿದ, ಆದರೂ ಎಲ್ಲರಿಗೂ ಕೇಳಿಸಿತು. ಯಾವುದಾದರೊಂದನ್ನು ತೋರಿಸು, ಈಗಿಂದೀಗಲೇ ಮನೆಗೆ ಹೋಗು ಎಂದ.

ದೊಡ್ಡವೆಂಕಟಪ್ಪ ಮತ್ತೆ ರಾಶಿಯ ಕಡೆ ನೋಡಿದ. ಕಲ್ಲುಗಳ ಹಿಂದೆ ನಿಂತಿದ್ದ ಹೆಂಗಸರನ್ನು ನೋಡಿದ: ಪಾಪಕ್ಕ, ಅವಳ ಸೊಸೆ, ಮೇಲಿನ ಬೀದಿಯ ಬಾಣಂತಿ. ಕೊನೆಗೆ ಹೆಂಡತಿಯನ್ನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಊದಿದ ಮುಖವನ್ನು ಅವನು ಮೇಲೆತ್ತಿದ.

"ಯಾವ್ದೋ ಒಂದ್ ತೋರ್ಸುದ್ರೆ ಅದು ಯಾರ್ದೋ ಮನೆ ಕಲ್ಲಾಯ್ತದೆ ಸ್ವಾಮಿ. ತೋರ್ಸಲ್ಲ."

ಕದಿರಮ್ಮನಿಗೆ ಅಳು ನುಗ್ಗಿ ಬಂತು. ಶನಿವಾರದಿಂದ ಗಂಡನ ಮೇಲಿದ್ದ ಸಿಟ್ಟೆಲ್ಲ ಒಂದೇ ಸಲಕ್ಕೆ ಕರಗಿಹೋಯಿತು. ಅಳಲಿಲ್ಲ, ಇನ್ಸ್‌ಪೆಕ್ಟರನ ಮುಂದೆ ಅಳುವ ಹೆಣ್ಣಲ್ಲ ಅವಳು.

ಆಮೇಲೆ ನಡೆದದ್ದು ಹಾವೂ ಸಾಯದ ಕೋಲೂ ಮುರಿಯದ ವ್ಯವಹಾರ. ಇನ್ಸ್‌ಪೆಕ್ಟರು ಒಳಗೆ ಹೋಗಿ, ಯಾರಿಗೋ ಫೋನು ಮಾಡಿ, ಕೆಂಪಗಾಗಿ ಹೊರಗೆ ಬಂದ. ಕೇಸಿಲ್ಲ, ಎಲ್ಲರೂ ಕಲ್ಲು ತೆಗೆದುಕೊಂಡು ತೊಲಗಿ ಎಂದ. ಹೆಂಗಸರು ಬಾಗಿ ಕಲ್ಲಿಗೆ ಕೈಹಾಕಿದರು. ಕದಿರಮ್ಮ ತಡೆದಳು. ನಮ್ಮ ಮನೆಗೆ ವಾರಂಟಿಲ್ಲದೆ ಬಂದದ್ದು, ಕಲ್ಲು ಒಯ್ದದ್ದು, ನನ್ನ ಗಂಡನನ್ನು ನಾಲ್ಕು ದಿನ ಇಟ್ಟುಕೊಂಡದ್ದು, ಏನೂ ಸಿಗದೆ ಬಿಟ್ಟದ್ದು ಇಷ್ಟನ್ನೂ ಬರೆದುಕೊಡುವವರೆಗೂ ಯಾರೂ ಏಳುವುದಿಲ್ಲ ಎಂದು ಜಗಲಿಯ ಮೇಲೆ ಕೂತೇಬಿಟ್ಟಳು. ಅವಳ ಹಿಂದೆ ಇಪ್ಪತ್ತೇಳು ಜನ ಕೂತರು. ಪೆರುಮಾಳ್ ಹೇಳಿಸಿಕೊಳ್ಳದೆಯೇ ಬರೆದು ಮುಗಿಸಿ ಕಾಗದವನ್ನು ಮುಂದೆ ತಳ್ಳಿದ. ಇನ್ಸ್‌ಪೆಕ್ಟರು ಹಲ್ಲು ಕಚ್ಚಿಕೊಂಡು ಸಹಿ ಗೀಚಿದ. ಕೋದಂಡಪ್ಪ ಅದನ್ನು ಜೋರಾಗಿ ಓದಿದ.

ಕದಿರಮ್ಮ ಕಾಗದವನ್ನು ಕೈಗೆ ತೆಗೆದುಕೊಂಡು ಸಹಿಯನ್ನು ದಿಟ್ಟಿಸಿದಳು. ತನಗೆ ಇದು ಓದಲು ಬರುವುದಿಲ್ಲ, ಹೆಬ್ಬೆಟ್ಟಾದರೆ ಗುರುತು ಸಿಗುತ್ತದೆ, ಅದನ್ನೂ ಒತ್ತಿ ಎಂದು ಮೇಜಿನ ಮೇಲಿದ್ದ ಮಸಿಡಬ್ಬಿಯನ್ನು ಅವನ ಕಡೆ ಸರಿಸಿದಳು. ಇನ್ಸ್‌ಪೆಕ್ಟರನ ಬಲಗೈ ತಾನಾಗಿಯೇ ಪ್ಯಾಂಟಿನ ಜೇಬಿನೊಳಗೆ ಹೋಯಿತು. ನಾನೇನು ಕಳ್ಳನೇ ಎಂದ.

"ಅಂಗೇ ಅಲ್ವಾ ಸ್ವಾಮಿ," ಅಂದಳು ಕದಿರಮ್ಮ. "ನಂಗೂ ಅಂಗೇ ಆಯ್ತು."

ರಸ್ತೆಯಲ್ಲಿದ್ದ ಜನರಲ್ಲಿ ಯಾರೂ ನಗಲಿಲ್ಲ. ಅವರಲ್ಲಿ ಮೂವತ್ತನೇ ಇಸವಿಯಲ್ಲಿ ಕೆಲಸ ಬಿಟ್ಟು ಕೂತಿದ್ದ ಮುದುಕರಿದ್ದರು. ಅವಳು ಮಸಿಡಬ್ಬಿಯ ಮುಚ್ಚಳ ಹಾಕಿ, ಕಾಗದವನ್ನು ಮಡಿಸಿ ಅಶ್ವತ್ಥಪ್ಪನ ಕೈಗೆ ಕೊಟ್ಟಳು.

ಹೆಂಗಸರು ತಂತಮ್ಮ ಕಲ್ಲು ಹುಡುಕಿ ಹೊತ್ತುಕೊಂಡರು. ಒಂದು ಉಳಿಯಿತು. ಕದಿರಮ್ಮ ಸಿಂಬಿ ಸುತ್ತಲು ಹಳೆಯ ಬಟ್ಟೆಯೊಂದನ್ನು ಬಿಚ್ಚುತ್ತಿದ್ದಾಗ ದೊಡ್ಡವೆಂಕಟಪ್ಪ ಹತ್ತಿರ ಬಂದು ಕೈ ಚಾಚಿದ. ಯಾಕೆಂದು ಅವಳಿಗೆ ತಿಳಿಯಲಿಲ್ಲ. ಅವನು ಬಟ್ಟೆಯನ್ನು ಕಿತ್ತುಕೊಂಡು, ಅಡ್ಡಾದಿಡ್ಡಿ ಸುತ್ತಿ ತಲೆಯ ಮೇಲಿಟ್ಟುಕೊಂಡ; ಬಾಗಿ, ಕೆಮ್ಮುತ್ತ, ಕಲ್ಲನ್ನು ಎರಡು ಕೈಯಲ್ಲಿ ಎತ್ತಿ ತಲೆಗೇರಿಸಿದ. ಹೆಂಗಸರ ಸಾಲು ನಿಂತುಬಿಟ್ಟಿತು. ಗಂಡಸು ಬೀದಿಯಲ್ಲಿ ರಾಗಿಕಲ್ಲು ಹೊತ್ತದ್ದನ್ನು ಅವರಲ್ಲಿ ಯಾರೂ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವನ ಜೊತೆ ಪಾಳಿಗೆ ಇಳಿಯುವವರೇ ರಸ್ತೆಯ ಎರಡೂ ಕಡೆ ನಿಂತಿದ್ದರು. ಅವರಲ್ಲೊಬ್ಬ, ಇದೇನಯ್ಯಾ ವೆಂಕಟಪ್ಪ, ಏನಿದು ತಲೆ ಮೇಲೆ ಎಂದು ಕೇಳಿದ.

ದೊಡ್ಡವೆಂಕಟಪ್ಪ ನಿಂತ. ಎದೆ ಸುಯ್ಗುಡುತ್ತಿತ್ತು, ಆದರೂ ಠಾಣೆಯ ಒಳಗಿನವರೆಗೂ ಕೇಳುವ ಹಾಗೆ ಹೇಳಿದ.

"ನಮ್ಮನೆ ಕಲ್ಲು ಕಣಯ್ಯ. ಕದ್ದುದ್ದಲ್ಲ."

ಹೇಳಿ ರೈಲಿನ ಕಡೆ ನಡೆದ. ಕದಿರಮ್ಮ ಬರಿಗೈ ಬೀಸಿಕೊಂಡು ಅವನ ಮುಂದೆ ನಡೆದಳು.